ಮೂಳೆಯೊಳಗಿನ ಸಾರುವೆ

ಮೂಳೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿಗೆ ತೋರುವುದು ಕಲ್ಲಿನಂತೆ ಗಟ್ಟಿಯಾದ, ಒಣಗಿದ, ನಿರ್ಜೀವವಾದ ಪದಾರ್ಥ. ಪ್ರಯೋಗಶಾಲೆಯ ಮೂಲೆಯಲ್ಲಿ ತೂಗುಹಾಕಿದ ಅಸ್ಥಿಪಂಜರವನ್ನು ಕಂಡವರಲ್ಲಿ ಈ ಭಾವನೆ ಇನ್ನಷ್ಟು ದೃಢವಾಗಿರುತ್ತದೆ. ಆದರೆ ಕುರಿಯ ತೊಡೆಯೆಲುಬೊಂದನ್ನು ತಂದು, ಚೆನ್ನಾಗಿ ಬೇಯಿಸಿ, ಮಜ್ಜೆಯನ್ನೂ ಜಿಡ್ಡನ್ನೂ ತೊಳೆದು, ಗರಗಸದಿಂದ ಉದ್ದಕ್ಕೆ ಸೀಳಿ ನೋಡಿದರೆ ಬೇರೊಂದು ನೋಟವೇ ಕಾಣುತ್ತದೆ. ನಡುವಿನ ಭಾಗ ಬಿದಿರಿನ ಕೊಳವೆಯಂತೆ ಟೊಳ್ಳು. ಅದರ ಗೋಡೆ ಮಾತ್ರ ದಪ್ಪವಾಗಿಯೂ ದಟ್ಟವಾಗಿಯೂ ಇದೆ. ಎರಡು ತುದಿಗಳಲ್ಲಿಯಾದರೋ ಗೋಡೆ ತೆಳುವಾಗಿ, ಅದರ ಒಳಗೆಲ್ಲ ಸಣ್ಣ ಸಣ್ಣ ಕಡ್ಡಿಗಳೂ ಹಾಳೆಗಳೂ ಒಂದರೊಡನೊಂದು ಹೆಣೆದುಕೊಂಡ ಜಾಲ ತುಂಬಿದೆ. ನೋಟಕ್ಕೆ ಸಮುದ್ರದ ಸ್ಪಂಜನ್ನು ಹೋಲುವುದರಿಂದ ಇದಕ್ಕೆ ಸ್ಪಂಜು ಮೂಳೆ ಎಂದು ಹೆಸರು ಬಂದಿದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೂಳೆಯ ತುದಿಗಳೆಂದರೆ ಕೀಲುಗಳಿರುವ ಸ್ಥಳ. ದೇಹದ ಭಾರವೆಲ್ಲ ಒಂದು ಮೂಳೆಯಿಂದ ಮತ್ತೊಂದಕ್ಕೆ ದಾಟುವುದು ಅಲ್ಲಿಯೇ. ಹೀಗಿರುವಲ್ಲಿ ಆ ಜಾಗದಲ್ಲಿ ಗಟ್ಟಿಯಾದ ಮೂಳೆಯನ್ನು ತುಂಬದೆ, ಬೆರಳಿನಿಂದ ಒತ್ತಿದರೆ ಪುಡಿಯಾಗುವಂತೆ ತೋರುವ ಈ ಜಾಲವನ್ನು ಪ್ರಕೃತಿ ಏಕೆ ಇಟ್ಟಿತು? ಈ ಜಾಲಕ್ಕೆ ಬಲ ಎಲ್ಲಿಂದ ಬಂತು? ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಬಚ್ಚಲಿನಲ್ಲಿ ಜಾರಿ ಬಿದ್ದ ಅಜ್ಜಿ ಸೊಂಟದ ಬಳಿಯ ಮೂಳೆ ಮುರಿದುಕೊಂಡು ಮತ್ತೆ ಮೊದಲಿನಂತೆ ನಡೆಯಲಾರದೆ ಹೋದ ಸಂಗತಿ ನಮ್ಮ ಮನೆಗಳಿಗೆ ಹೊಸದಲ್ಲ. ಆ ಅನಾಹುತದ ಕಾರಣವೂ ಈ ಜಾಲದೊಳಗೇ ಅಡಗಿದೆ.

ಕಿರುತೊಲೆಗಳ ಜಾಲ

ವಯಸ್ಕನ ಅಸ್ಥಿಪಂಜರದ ತೂಕದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ದಟ್ಟ ಮೂಳೆ, ಉಳಿದ ಒಂದು ಪಾಲು ಸ್ಪಂಜು ಮೂಳೆ. ತೂಕದಲ್ಲಿ ಕಡಿಮೆಯಾದರೂ ಸ್ಪಂಜು ಮೂಳೆ ಇರುವ ಸ್ಥಳಗಳು ಮುಖ್ಯವಾದವು: ಬೆನ್ನುಮೂಳೆಯ ಮಣಿಗಳು, ತೊಡೆಯೆಲುಬಿನ ಮೇಲ್ತುದಿ, ಮೊಣಕಾಲಿನ ಮೇಲುಕೆಳಗಿನ ಎಲುಬುಗಳ ತುದಿಗಳು, ಹಿಮ್ಮಡಿ, ಮಣಿಕಟ್ಟು. ಎರಡು ಬಗೆಯ ಮೂಳೆಗಳಿಗೂ ಮೂಲದ್ರವ್ಯ ಒಂದೇ. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು, ಅವುಗಳ ನಡುವೆ ಹರಳುಗಟ್ಟಿದ ಕ್ಯಾಲ್ಸಿಯಂ ಫಾಸ್ಫೇಟಿನ ಲವಣ, ಸ್ವಲ್ಪ ನೀರು, ಇಷ್ಟೇ. ವ್ಯತ್ಯಾಸವೆಲ್ಲ ಇರುವುದು ಜೋಡಣೆಯಲ್ಲಿ.

ಸ್ಪಂಜು ಮೂಳೆಯ ಒಂದೊಂದು ಕಡ್ಡಿಗೂ ಅಂಗರಚನಾಶಾಸ್ತ್ರಜ್ಞರು ಟ್ರಬೆಕ್ಯುಲ ಎಂದು ಹೆಸರಿಟ್ಟಿದ್ದಾರೆ. ಇದು ಲ್ಯಾಟಿನ್ ಭಾಷೆಯ ಮಾತು. ಅರ್ಥ, ಚಿಕ್ಕ ತೊಲೆ. ನಾವು ಅದನ್ನು ಕಿರುತೊಲೆ ಎಂದು ಕರೆಯೋಣ. ಮನುಷ್ಯನಲ್ಲಿ ಕಿರುತೊಲೆಯ ದಪ್ಪ ಸುಮಾರು 0.1 ರಿಂದ 0.2 ಮಿಲಿಮೀಟರು, ಒಂದಕ್ಕೂ ಮತ್ತೊಂದಕ್ಕೂ ನಡುವಿನ ಅಂತರ ಅರ್ಧದಿಂದ ಒಂದು ಮಿಲಿಮೀಟರಿನಷ್ಟು. ಕೆಲವೆಡೆ ಇವು ದುಂಡು ಕಡ್ಡಿಗಳಾಗಿವೆ, ಕೆಲವೆಡೆ ಅಗಲವಾದ ಹಾಳೆಗಳಾಗಿವೆ. ಇವುಗಳ ನಡುವಣ ಬರಿದಾದ ಎಡೆಯಲ್ಲೆಲ್ಲ ಮಜ್ಜೆ ತುಂಬಿರುತ್ತದೆ. ಸ್ಪಂಜು ಮೂಳೆಯ ಗಾತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ, ಬೆನ್ನುಮಣಿಗಳಲ್ಲಂತೂ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗ, ಇಂಥ ಎಡೆಯೇ.

ಇದರಿಂದ ಮೊದಲನೆಯ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಕೀಲಿನಲ್ಲಿ ಭಾರವನ್ನು ವಿಶಾಲವಾದ ಮೇಲ್ಮೈಯ ಮೇಲೆ ಹರಡಬೇಕು. ಇಲ್ಲವಾದರೆ ಮೃದ್ವಸ್ಥಿ ಜಜ್ಜಿಹೋದೀತು. ಆದುದರಿಂದ ಎಲುಬಿನ ತುದಿ ಅಗಲವಾಗಿರಬೇಕು. ಅಷ್ಟು ಅಗಲದ ತುದಿಯನ್ನು ಗಟ್ಟಿ ಮೂಳೆಯಿಂದ ತುಂಬಿದರೆ ಕಾಲು ಎತ್ತಲಾರದಷ್ಟು ಭಾರವಾಗುತ್ತದೆ. ಜಿಗಿದಾಗಲೂ ಓಡಿದಾಗಲೂ ಬೀಳುವ ಪೆಟ್ಟನ್ನು ಹೀರಿಕೊಳ್ಳುವ ಸಡಿಲಿಕೆಯೂ ಇರುವುದಿಲ್ಲ. ಜಾಲವಾದರೋ ಹಗುರ, ಸ್ವಲ್ಪ ಬಗ್ಗಬಲ್ಲದು, ಭಾರವನ್ನು ಕೆಳಗಿನ ದಟ್ಟ ಗೋಡೆಗೆ ಸಾಗಿಸಬಲ್ಲದು.

ಜ್ಯೂರಿಕ್ ನಗರದ ಒಂದು ಸಭೆ

ಈ ಜಾಲದಲ್ಲಿ ಕ್ರಮವಿದೆಯೆಂಬುದನ್ನು ಹಲವರು ಗುರುತಿಸಿದ್ದರು. 1838ರಲ್ಲಿಯೇ ಇಂಗ್ಲೆಂಡಿನ ವಾರ್ಡ್ ಎಂಬ ವೈದ್ಯನು ತೊಡೆಯೆಲುಬಿನ ಮೇಲ್ತುದಿಯನ್ನು ಗೋಡೆಯಿಂದ ಚಾಚಿಕೊಂಡು ದೀಪವನ್ನು ಹೊರುವ ಆಧಾರಕ್ಕೆ ಹೋಲಿಸಿದ್ದನು. ಆದರೆ ಈ ಹೋಲಿಕೆಗೆ ಶಾಸ್ತ್ರದ ಬೆಂಬಲ ದೊರೆತದ್ದು 1866ರಲ್ಲಿ, ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದಲ್ಲಿ. ಅಂಗರಚನಾಶಾಸ್ತ್ರದ ಪ್ರೊಫೆಸರ್ ಹರ್ಮನ್ ಫಾನ್ ಮೇಯರ್ ತಾನು ಸೀಳಿ ಸಿದ್ಧಪಡಿಸಿದ್ದ ಮೂಳೆಗಳನ್ನು ವಿಜ್ಞಾನಿಗಳ ಸಭೆಯೊಂದರಲ್ಲಿ ಪ್ರದರ್ಶಿಸಿದನು. ಅದೇ ನಗರದ ಪಾಲಿಟೆಕ್ನಿಕ್ಕಿನಲ್ಲಿ ಎಂಜಿನಿಯರಿಂಗ್ ಬೋಧಿಸುತ್ತಿದ್ದ ಕಾರ್ಲ್ ಕುಲ್‌ಮನ್ ಅವುಗಳನ್ನು ಕಂಡನು. ಸೇತುವೆಗಳಲ್ಲಿಯೂ ತೊಲೆಗಳಲ್ಲಿಯೂ ಬಲ ಯಾವ ದಾರಿಯಲ್ಲಿ ಹರಿಯುತ್ತದೆಂಬುದನ್ನು ರೇಖೆಗಳ ಮೂಲಕ ಲೆಕ್ಕಹಾಕುವ ವಿಧಾನದಲ್ಲಿ ಅವನು ನಿಷ್ಣಾತನಾಗಿದ್ದನು. ತಾನು ಕ್ರೇನಿಗಾಗಿ ಎಳೆಯುವಂಥ ರೇಖೆಗಳೇ ಮೂಳೆಯೊಳಗೆ ಮೂಡಿರುವುದನ್ನು ನೋಡಿ ಅವನು ಬೆರಗಾದನು.

ಈ ಹೋಲಿಕೆಯನ್ನು ಸ್ವಲ್ಪ ವಿವರಿಸಬೇಕು. ಕೊಕ್ಕರೆಯ ಕತ್ತಿನಂತೆ ಬಾಗಿದ ಕ್ರೇನಿನ ತುದಿಗೆ ಭಾರವನ್ನು ತೂಗುಹಾಕಿದರೆ ಬಾಗಿನ ಒಳಮಗ್ಗುಲು ಅದುಮಲ್ಪಡುತ್ತದೆ, ಹೊರಮಗ್ಗುಲು ಹಿಗ್ಗಲು ಹವಣಿಸುತ್ತದೆ. ಅತಿ ಹೆಚ್ಚು ಒತ್ತಡ ಯಾವ ದಿಕ್ಕಿನಲ್ಲಿದೆ, ಅತಿ ಹೆಚ್ಚು ಎಳೆತ ಯಾವ ದಿಕ್ಕಿನಲ್ಲಿದೆ ಎಂದು ಬಿಂದುಬಿಂದುವಿನಲ್ಲಿಯೂ ಗುರುತಿಸುತ್ತ ಹೋದರೆ ಎರಡು ಗುಂಪಿನ ವಕ್ರರೇಖೆಗಳು ಒಂದನ್ನೊಂದು ದಾಟಿಹೋಗುವ ಚಿತ್ರ ದೊರೆಯುತ್ತದೆ. ತೊಡೆಯೆಲುಬಿನ ತಲೆಯೂ ಅದರ ಕಾಂಡದ ನೇರಕ್ಕಿಲ್ಲ. ಓರೆಯಾದ ಕೊರಳಿನ ಮೂಲಕ ಒಂದು ಪಕ್ಕಕ್ಕೆ ಚಾಚಿಕೊಂಡಿದೆ. ನಡೆಯುವಾಗ ಅದರ ಮೇಲೆ ಬೀಳುವ ಬಲ ಸಾಮಾನ್ಯವಲ್ಲ. ಒಂಟಿಕಾಲಿನ ಮೇಲೆ ದೇಹ ವಾಲದಂತೆ ಸೊಂಟದ ಸ್ನಾಯುಗಳು ಬಿಗಿಹಿಡಿಯಬೇಕಾಗುವುದರಿಂದ ಆ ಬಲ ದೇಹದ ತೂಕದ ಎರಡರಿಂದ ಮೂರು ಪಟ್ಟಿನಷ್ಟಾಗುತ್ತದೆ. ಐವತ್ತು ಕಿಲೋಗ್ರಾಂ ತೂಗುವ ವಿದ್ಯಾರ್ಥಿಯ ಸೊಂಟದ ಕೀಲು ಪ್ರತಿ ಹೆಜ್ಜೆಗೂ ಕ್ವಿಂಟಾಲಿಗಿಂತ ಹೆಚ್ಚು ಭಾರವನ್ನು ಹೊರುತ್ತದೆ! ಈ ಬಲವನ್ನು ಹೊರಲು ಕಿರುತೊಲೆಗಳ ಒಂದು ಗುಂಪು ತಲೆಯಿಂದ ಕೊರಳಿನ ಒಳಮಗ್ಗುಲಿಗೆ ಕಂಬಗಳ ಸಾಲಿನಂತೆ ಇಳಿಯುತ್ತದೆ. ಮತ್ತೊಂದು ಗುಂಪು ಹೊರಮಗ್ಗುಲಿನಿಂದ ಎದ್ದು ಕಮಾನಿನಂತೆ ಬಾಗಿ ಮೊದಲನೆಯದನ್ನು ದಾಟುತ್ತದೆ.

ಮೇಯರ್ ಈ ವಿಷಯವನ್ನು 1867ರಲ್ಲಿ ಪ್ರಕಟಿಸಿದನು. ಬರ್ಲಿನ್ನಿನ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ ಅದನ್ನು ಮುಂದುವರಿಸಿ, ಮೂಳೆಯ ಮೇಲಿನ ಬಲ ಬದಲಾದರೆ ಅದರ ಒಳರಚನೆಯೂ ಬದಲಾಗುತ್ತದೆಂದು 1892ರ ತನ್ನ ಗ್ರಂಥದಲ್ಲಿ ಸಾರಿದನು. ವೋಲ್ಫನು ನಂಬಿದಂತೆ ಎಲ್ಲ ಕಿರುತೊಲೆಗಳೂ ಲಂಬಕೋನದಲ್ಲಿಯೇ ದಾಟುವುದಿಲ್ಲ. ಮೂಳೆ ಗಣಿತದ ನಕ್ಷೆಯ ಪಡಿಯಚ್ಚಲ್ಲ. ಆದರೂ ಮುಖ್ಯವಾದ ಮಾತು ನಿಂತಿದೆ: ಬಲ ಹರಿಯುವ ದಾರಿಯನ್ನು ಕಿರುತೊಲೆಗಳು ಅನುಸರಿಸುತ್ತವೆ.

ಪ್ರಮಾಣಕ್ಕೂ ಬಲಕ್ಕೂ ಇರುವ ಸಂಬಂಧ

ಇನ್ನು ಬಲದ ಲೆಕ್ಕಕ್ಕೆ ಬರೋಣ. ಮೂಳೆಯ ಮೂಲದ್ರವ್ಯ ಒಂದು ಘನ ಸೆಂಟಿಮೀಟರಿಗೆ ಸುಮಾರು 2 ಗ್ರಾಂ ತೂಗುತ್ತದೆ. ಮಜ್ಜೆಯನ್ನು ತೆಗೆದು, ಬರಿದಾದ ಎಡೆಯನ್ನೂ ಗಾತ್ರದಲ್ಲಿ ಸೇರಿಸಿ ಅಳೆದರೆ, ಸ್ಪಂಜು ಮೂಳೆಯ ಸಾಂದ್ರತೆ ಜಾಗಕ್ಕೆ ತಕ್ಕಂತೆ 0.1 ರಿಂದ 1 ಗ್ರಾಮಿನವರೆಗೆ ಇರುತ್ತದೆ. ಸಾಂದ್ರತೆ ಅರ್ಧವಾದರೆ ಬಲವೂ ಅರ್ಧವಾಗಬೇಕೆಂದು ತೋರುವುದು ಸಹಜ. ಆದರೆ 1977ರಲ್ಲಿ ಕಾರ್ಟರ್ ಮತ್ತು ಹೇಯ್ಸ್ ಎಂಬ ವಿಜ್ಞಾನಿಗಳು ಮನುಷ್ಯರ ಮತ್ತು ದನಗಳ ಮೂಳೆಯ ತುಂಡುಗಳನ್ನು ಅದುಮಿ ನೋಡಿದಾಗ, ಬಲವು ಸಾಂದ್ರತೆಯ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆಂದು ಕಂಡುಬಂತು. ಎಂದರೆ, ಸಾಂದ್ರತೆ ಅರ್ಧವಾದರೆ ಬಲ ಕಾಲು ಭಾಗ. ಕಾಲು ಭಾಗದ ಮೂಳೆ ನಷ್ಟವಾಗಿ ಮುಕ್ಕಾಲು ಭಾಗ ಉಳಿದರೆ, ಉಳಿಯುವ ಬಲ ಹದಿನಾರರಲ್ಲಿ ಒಂಬತ್ತು ಪಾಲು. ಹೆಚ್ಚು ಕಡಿಮೆ ಅರ್ಧವೇ.

ನಷ್ಟಕ್ಕಿಂತ ಹೆಚ್ಚಾಗಿ ಬಲ ಕುಗ್ಗುವುದು ಏಕೆ? ಬಿದಿರಿನ ದಬ್ಬೆಯೊಂದನ್ನು ಉದ್ದಕ್ಕೆ ಎಳೆದು ಯಾರೂ ಕೈಯಿಂದ ತುಂಡುಮಾಡಲಾರರು. ಅದನ್ನೇ ಬಗ್ಗಿಸಿ ಮುರಿಯುವುದು ಸುಲಭ. ಸಣಕಲಾದ ವಸ್ತುವಿಗೆ ಬಾಗುವಿಕೆಯೇ ಶತ್ರು. ಜಾಲವು ವಿರಳವಾದಂತೆಲ್ಲ ಅದರ ಕಡ್ಡಿಗಳು ತೆಳುವೂ ನೀಳವೂ ಆಗುತ್ತವೆ. ಭಾರ ಬಿದ್ದಾಗ ನೇರವಾಗಿ ಅದುಮಲ್ಪಡುವ ಬದಲು ಬಾಗತೊಡಗುತ್ತವೆ. ಆದಕಾರಣ ಉಳಿದ ಮೂಳೆಯೂ ತನ್ನ ಪೂರ್ಣ ಬಲವನ್ನು ತೋರಲಾರದು.

ಸಾಂದ್ರತೆಯೊಂದೇ ಬಲವನ್ನು ನಿರ್ಧರಿಸುವುದಿಲ್ಲ. ಬೆನ್ನುಮಣಿಯಿಂದ ಒಂದು ಚಿಕ್ಕ ಘನಾಕೃತಿಯನ್ನು ಕತ್ತರಿಸಿ ಮೇಲಿನಿಂದ ಅದುಮಿದರೆ ಹೊರುವಷ್ಟು ಭಾರವನ್ನು ಅದು ಪಕ್ಕದಿಂದ ಅದುಮಿದಾಗ ಹೊರಲಾರದು. ಮೇಲಿನಿಂದ ಹೊರುವ ಬಲ ಪಕ್ಕದ ಬಲದ ಸುಮಾರು ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು. ಮೂಳೆ ಅದೇ, ಸಾಂದ್ರತೆ ಅದೇ. ದಿಕ್ಕು ಮಾತ್ರ ಬೇರೆ. ದಿನದಿನವೂ ಬರುವ ಬಲವನ್ನು ಎದುರಿಸಲು ಕಿರುತೊಲೆಗಳು ಸಜ್ಜಾಗಿವೆ; ಎಂದೋ ಒಮ್ಮೆ ಅಡ್ಡದಿಕ್ಕಿನಿಂದ ಬರುವ ಪೆಟ್ಟಿಗೆ ಅವು ಅಷ್ಟಾಗಿ ಸಜ್ಜಾಗಿಲ್ಲ. ಮುದುಕರು ಪಕ್ಕಕ್ಕೆ ಉರುಳಿಬಿದ್ದಾಗ ತೊಡೆಯೆಲುಬಿನ ಕೊರಳು ಮುರಿಯುವುದಕ್ಕೆ ಇದೂ ಒಂದು ಕಾರಣ.

ಸಾರುವೆ ಕಲಿಸುವ ಪಾಠ

ಮನೆ ಕಟ್ಟುವಾಗ ಗಾರೆಯವರು ನಿಂತು ಕೆಲಸಮಾಡಲು ಬಿದಿರಿನಿಂದಲೋ ಸರ್ವೆ ಗಳಗಳಿಂದಲೋ ಕಟ್ಟುವ ಸಾರುವೆಯನ್ನು ಎಲ್ಲರೂ ನೋಡಿದ್ದೇವೆ. ನೆಟ್ಟ ಗಳಗಳೇ ಭಾರವನ್ನು ಹೊರುವುದು ನಿಜ. ಹಾಗಾದರೆ ಅಡ್ಡಗಳಗಳನ್ನು ಬಿಚ್ಚಿಬಿಟ್ಟರೆ ಏನಾದೀತು? ನೆಟ್ಟ ಗಳಗಳಲ್ಲಿ ಒಂದೂ ಕಡಿಮೆಯಾಗಿಲ್ಲ. ಆದರೂ ಆ ಸಾರುವೆಯ ಮೇಲೆ ಹತ್ತಲು ಯಾವ ಮೇಸ್ತ್ರಿಯೂ ಒಪ್ಪುವುದಿಲ್ಲ. ಅಡ್ಡಗಳ ತಾನು ಭಾರವನ್ನು ಹೊರುವುದು ಸ್ವಲ್ಪ. ಭಾರ ಹೊತ್ತ ಗಳ ಬಳುಕದಂತೆ ಹಿಡಿಯುವುದೇ ಅದರ ಹಿರಿಯ ಕೆಲಸ.

ಇದನ್ನು ನೀವೇ ಪರೀಕ್ಷಿಸಬಹುದು. ತೆಂಗಿನ ಗರಿಯ ಪೊರಕೆಯಿಂದ ಆದಷ್ಟು ನೇರವಾದ, ಒಂದೇ ದಪ್ಪವಿರುವ ಕಡ್ಡಿಯೊಂದನ್ನು ಆರಿಸಿ 30 ಸೆಂಟಿಮೀಟರು ಉದ್ದಕ್ಕೆ ಕತ್ತರಿಸಿ. ಅಡುಗೆಮನೆಯ ತೂಕದ ಯಂತ್ರದ ತಟ್ಟೆಯ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಿ ಮೇಲ್ತುದಿಯನ್ನು ಬೆರಳಿನಿಂದ ಮೆಲ್ಲನೆ ಒತ್ತಿ, ಕಡ್ಡಿ ಬಿಲ್ಲಿನಂತೆ ಬಳುಕುವ ಕ್ಷಣದಲ್ಲಿ ಮುಳ್ಳು ತೋರುವ ತೂಕವನ್ನು ಬರೆದುಕೊಳ್ಳಿ. ಅನಂತರ ಅದೇ ಕಡ್ಡಿಯನ್ನು ಅರ್ಧಕ್ಕೆ ಕತ್ತರಿಸಿ ಮತ್ತೆ ಒತ್ತಿ ನೋಡಿ. ಈ ಸಲ ಸುಮಾರು ನಾಲ್ಕು ಪಟ್ಟು ಬಲ ಬೇಕಾಗುತ್ತದೆ. ಕಡ್ಡಿ ಬಳುಕುವ ಭಾರವು ಅದರ ಉದ್ದದ ವರ್ಗಕ್ಕೆ ವಿಲೋಮವಾಗಿರುತ್ತದೆಂಬ ಈ ನಿಯಮವನ್ನು ಸ್ವಿಟ್ಸರ್ಲೆಂಡಿನಲ್ಲಿ ಹುಟ್ಟಿದ ಗಣಿತಜ್ಞ ಆಯ್ಲರ್ 1744ರಲ್ಲಿಯೇ ತೋರಿಸಿಕೊಟ್ಟಿದ್ದನು.

ಈಗ ಬೆನ್ನುಮಣಿಯನ್ನು ನೆನೆಯಿರಿ. ಅದರೊಳಗೆ ನಿಂತ ಕಿರುತೊಲೆಗಳಿವೆ, ಅವುಗಳನ್ನು ಜೋಡಿಸುವ ಅಡ್ಡ ಕಿರುತೊಲೆಗಳಿವೆ. ವಯಸ್ಸಾದಂತೆ ಮೊದಲು ಸವೆದುಹೋಗುವವು ಹೆಚ್ಚಾಗಿ ಅಡ್ಡ ಕಿರುತೊಲೆಗಳು. ಒಂದು ಅಡ್ಡ ಕಡ್ಡಿ ಕಡಿದುಹೋಯಿತೆಂದರೆ, ಆಸರೆಯಿಲ್ಲದೆ ನಿಂತ ಕಡ್ಡಿಯ ಉದ್ದ ಎರಡರಷ್ಟಾಗುತ್ತದೆ. ಬಳುಕದೆ ಹೊರಬಲ್ಲ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ. ನಿಜವಾದ ಕಿರುತೊಲೆ ಆಯ್ಲರನ ಆದರ್ಶ ಕಂಬವಲ್ಲವಾದುದರಿಂದ ಲೆಕ್ಕ ಅಷ್ಟು ನಿಖರವಾಗಿ ಕೂಡಿಬರುವುದಿಲ್ಲ. ಆದರೆ ಜಾಲ ವಿರಳವಾದಷ್ಟೂ ಈ ನಿಯಮದ ಹಿಡಿತ ಹೆಚ್ಚುತ್ತದೆ. ಸಿಲ್ವ ಮತ್ತು ಗಿಬ್ಸನ್ ಎಂಬವರು 1997ರಲ್ಲಿ ಬೆನ್ನುಮಣಿಯ ಜಾಲದ ಮಾದರಿಯನ್ನು ಕಂಪ್ಯೂಟರಿನಲ್ಲಿ ರಚಿಸಿ ಎರಡು ಬಗೆಯ ನಷ್ಟವನ್ನು ಹೋಲಿಸಿದರು. ಒಂದರಲ್ಲಿ ಎಲ್ಲ ಕಡ್ಡಿಗಳೂ ಸಮನಾಗಿ ತೆಳುವಾದವು. ಮತ್ತೊಂದರಲ್ಲಿ ಅಷ್ಟೇ ಪ್ರಮಾಣದ ಮೂಳೆ ಅಲ್ಲಲ್ಲಿ ಕಡ್ಡಿಗಳೇ ಇಲ್ಲವಾಗಿ ನಷ್ಟವಾಯಿತು. ನಷ್ಟವಾದ ಮೂಳೆ ಒಂದೇ ಆದರೂ ಎರಡನೆಯದರಲ್ಲಿ ಬಲದ ನಷ್ಟ ಎರಡರಿಂದ ಐದು ಪಟ್ಟು ಹೆಚ್ಚಾಗಿತ್ತು. ಎಷ್ಟು ಮೂಳೆ ಉಳಿದಿದೆ ಎಂಬುದರಷ್ಟೇ, ಅದು ಹೇಗೆ ಜೋಡಣೆಗೊಂಡು ಉಳಿದಿದೆ ಎಂಬುದೂ ಮುಖ್ಯ.

ಕೆಡಹುವವರು ಮತ್ತು ಕಟ್ಟುವವರು

ಅಡ್ಡ ಕಡ್ಡಿಗಳು ಸವೆಯುವುದಾದರೂ ಏಕೆ? ಮೂಳೆ ಜೀವಂತ ವಸ್ತು. ಅದರ ದುರಸ್ತಿ ಎಂದೂ ನಿಲ್ಲುವುದಿಲ್ಲ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸಿ ಸಣ್ಣ ಗುಳಿ ತೋಡುತ್ತವೆ. ಅವುಗಳ ಹಿಂದೆಯೇ ಬರುವ ಮತ್ತೊಂದು ಬಗೆಯ ಜೀವಕೋಶಗಳು ಆ ಗುಳಿಯಲ್ಲಿ ಹೊಸ ಮೂಳೆಯನ್ನು ತುಂಬುತ್ತವೆ. ದಟ್ಟ ಮೂಳೆಯಲ್ಲಿ ವರ್ಷಕ್ಕೆ ನೂರಕ್ಕೆ ಎರಡು ಮೂರು ಪಾಲಿನಷ್ಟು ಹೀಗೆ ಹೊಸದಾದರೆ, ಸ್ಪಂಜು ಮೂಳೆಯಲ್ಲಿ ಸುಮಾರು ಕಾಲು ಭಾಗವೇ ಹೊಸದಾಗುತ್ತದೆ. ಕೆಲಸ ಎಲ್ಲಿ ನಡೆಯಬೇಕೆಂಬುದನ್ನು ಮೂಳೆಯೊಳಗೆ ಹುದುಗಿರುವ ಮೂರನೆಯ ಬಗೆಯ ಜೀವಕೋಶಗಳು, ತಮ್ಮ ಸುತ್ತಣ ಮೂಳೆ ಎಷ್ಟು ಬಾಗಿತು, ಎಷ್ಟು ಅದುಮಿತು ಎಂಬುದನ್ನು ಗ್ರಹಿಸಿ ಸೂಚಿಸುತ್ತವೆ. ದುಡಿಯುವ ಕಡೆ ಮೂಳೆ ಬೆಳೆಯುತ್ತದೆ, ಸೋಮಾರಿಯಾದ ಕಡೆ ಕರಗುತ್ತದೆ.

2006ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಗಿನಿಕೋಳಿಗಳ ಒಂದು ಗುಂಪನ್ನು ಸಮತಟ್ಟಾದ ಓಟದ ಪಟ್ಟಿಯ ಮೇಲೂ ಇನ್ನೊಂದು ಗುಂಪನ್ನು ಏರುಪಟ್ಟಿಯ ಮೇಲೂ ದಿನವೂ ಓಡಿಸಿದರು. ಏರನ್ನು ಹತ್ತುವ ಕೋಳಿ ಮೊಣಕಾಲನ್ನು ಹೆಚ್ಚು ಮಡಿಸಬೇಕು. ಆದ್ದರಿಂದ ಬಲ ಬೀಳುವ ದಿಕ್ಕು ಸುಮಾರು 14 ಡಿಗ್ರಿಯಷ್ಟು ಓರೆಯಾಗಿತ್ತು. ಕೊನೆಯಲ್ಲಿ ಮೂಳೆಗಳನ್ನು ಪರೀಕ್ಷಿಸಿದಾಗ ಕಿರುತೊಲೆಗಳ ದಿಕ್ಕೂ ಹೆಚ್ಚು ಕಡಿಮೆ ಅಷ್ಟೇ ಓರೆಯಾಗಿತ್ತು. ಇದಕ್ಕೆ ವಿರುದ್ಧವಾದ ಉದಾಹರಣೆ ಗಗನಯಾತ್ರಿಗಳದು. ತೂಕವೇ ಇಲ್ಲದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇದ್ದು, ತಕ್ಕಷ್ಟು ವ್ಯಾಯಾಮ ಮಾಡದಿದ್ದವರ ಸೊಂಟದ ಬಳಿಯ ಮೂಳೆ ತಿಂಗಳಿಗೆ ನೂರಕ್ಕೆ ಒಂದು, ಒಂದೂವರೆ ಪಾಲಿನಷ್ಟು ನಷ್ಟವಾಗಿತ್ತು.

ಕೆಡಹುವಿಕೆ ಹೆಚ್ಚಾಗಿ ಕಟ್ಟುವಿಕೆ ಹಿಂದೆಬಿದ್ದರೆ ಅಪಾಯ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಎಂಬ ಹಾರ್ಮೋನು ಕುಗ್ಗಿ ಕೆಡಹುವ ಜೀವಕೋಶಗಳ ಹಾವಳಿ ಹೆಚ್ಚುತ್ತದೆ. ಅವು ತೋಡುವ ಗುಳಿಯ ಆಳ ಸುಮಾರು 0.05 ಮಿಲಿಮೀಟರು. ಕಿರುತೊಲೆಯ ದಪ್ಪವೇ 0.1 ಮಿಲಿಮೀಟರು ಇರುವಲ್ಲಿ ಎರಡು ಮಗ್ಗುಲಿನ ಗುಳಿಗಳು ಎದುರುಬದುರಾದರೆ ಸಾಕು, ಹಾಳೆಯಲ್ಲಿ ತೂತು ಬೀಳುತ್ತದೆ, ಕಡ್ಡಿ ಕಡಿದುಹೋಗುತ್ತದೆ. ತೆಳುವಾದ ಕಡ್ಡಿ ಮತ್ತೆ ದಪ್ಪವಾಗಬಹುದು. ಏಕೆಂದರೆ ಕಟ್ಟುವ ಜೀವಕೋಶಗಳಿಗೆ ನಿಂತು ಕೆಲಸಮಾಡಲು ಅಲ್ಲಿ ಒಂದು ಮೇಲ್ಮೈಯಿದೆ. ಕಡಿದುಹೋದ ಕಡ್ಡಿಯ ಜಾಗದಲ್ಲಿ ಅಂಥ ಮೇಲ್ಮೈಯೇ ಇಲ್ಲ. ಆದುದರಿಂದ ಒಮ್ಮೆ ಕಳೆದುಹೋದ ಜೋಡಣೆ ಸುಲಭವಾಗಿ ಹಿಂದಿರುಗುವುದಿಲ್ಲ. ಆಸ್ಟಿಯೋಪೊರೋಸಿಸ್ ಎಂದು ವೈದ್ಯರು ಕರೆಯುವ, ಮೂಳೆ ಟೊಳ್ಳಾಗುವ ರೋಗದ ಮರ್ಮ ಇದೇ. ಬೆನ್ನುಮಣಿಗಳು ತಮ್ಮ ಭಾರಕ್ಕೇ ಕುಸಿದು ಬೆನ್ನು ಗೂನಾಗುವುದೂ, ಸಣ್ಣ ಬೀಳಿಗೆ ಸೊಂಟ ಮುರಿಯುವುದೂ ಇದರ ಫಲ.

ಒಳಗನ್ನು ನೋಡುವ ಕಣ್ಣು

ಬದುಕಿರುವವರ ಮೂಳೆಯನ್ನು ಸೀಳಿ ನೋಡುವಂತಿಲ್ಲ. 1970ರಲ್ಲಿ ಮನಮೋಹನ್ ಸಿಂಗ್, ನಾಗರಥ್ ಮತ್ತು ಮೈನಿ ಎಂಬ ಭಾರತೀಯ ವೈದ್ಯರು ಸರಳವಾದ ಉಪಾಯವೊಂದನ್ನು ಸೂಚಿಸಿದರು. ತೊಡೆಯೆಲುಬಿನ ಮೇಲ್ತುದಿಯ ಕ್ಷ-ಕಿರಣ ಚಿತ್ರದಲ್ಲಿ ಕಿರುತೊಲೆಗಳ ಯಾವ ಯಾವ ಗುಂಪು ಇನ್ನೂ ಕಾಣುತ್ತಿದೆ, ಯಾವುದು ಮಾಸಿಹೋಗಿದೆ ಎಂಬುದನ್ನು ನೋಡಿ ಅವರು ಆರು ದರ್ಜೆಗಳನ್ನು ಗೊತ್ತುಮಾಡಿದರು. ಎಲ್ಲ ಗುಂಪುಗಳೂ ಸ್ಪಷ್ಟವಾಗಿದ್ದರೆ ಆರನೆಯ ದರ್ಜೆ. ಒತ್ತಡವನ್ನು ಹೊರುವ ಮುಖ್ಯ ಗುಂಪೂ ಕ್ಷೀಣಿಸಿದ್ದರೆ ಒಂದನೆಯದು. ಜ್ಯೂರಿಕ್ಕಿನಲ್ಲಿ ಗುರುತಿಸಿದ ಬಲದ ರೇಖೆಗಳೇ ಇಲ್ಲಿ ರೋಗದ ಅಳತೆಗೋಲಾದುವು. ಒಂದೇ ಚಿತ್ರಕ್ಕೆ ಇಬ್ಬರು ವೈದ್ಯರು ಬೇರೆ ಬೇರೆ ದರ್ಜೆ ಕೊಡುವುದುಂಟಾದ್ದರಿಂದ ಮುಂದೆ ಸಾಂದ್ರತೆಯನ್ನು ಅಳೆಯುವ ಯಂತ್ರಗಳು ಆ ಸ್ಥಾನವನ್ನು ಪಡೆದುವು. ಆದರೆ ಆ ಯಂತ್ರಗಳು ಹೇಳುವುದು ಮೂಳೆಯ ಪ್ರಮಾಣವನ್ನು. ಜೋಡಣೆಯನ್ನು ಅವು ನೇರವಾಗಿ ಕಾಣಲಾರವು. ಒಂದೇ ಸಾಂದ್ರತೆಯ ಇಬ್ಬರಲ್ಲಿ ಒಬ್ಬರ ಮೂಳೆ ಮುರಿದು ಮತ್ತೊಬ್ಬರದು ಉಳಿಯಲು ಇದೊಂದು ಕಾರಣ. 1980ರ ದಶಕದ ಕೊನೆಯಿಂದ ಬೆಳೆದ ಸೂಕ್ಷ್ಮ ಸಿ.ಟಿ. ವಿಧಾನವು ಕಿರುತೊಲೆಗಳನ್ನು ಒಂದೊಂದಾಗಿ ಮೂರು ಆಯಾಮಗಳಲ್ಲಿ ತೋರಿಸಬಲ್ಲದು.

ತಾರುಣ್ಯದ ಗಳಿಕೆ

ಇಷ್ಟನ್ನು ಓದಿದ ವಿದ್ಯಾರ್ಥಿಗೆ, ಇದು ಮುದುಕರ ವಿಷಯ, ನಮಗೇನು ಎಂದು ತೋರಬಹುದು. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಒಬ್ಬ ಮನುಷ್ಯನು ತನ್ನ ಆಯುಷ್ಯದಲ್ಲಿ ಗಳಿಸುವ ಮೂಳೆಯಲ್ಲಿ ನೂರಕ್ಕೆ ಸುಮಾರು 90 ಪಾಲು ಹುಡುಗಿಯರಲ್ಲಿ ಹದಿನೆಂಟನೆಯ ವಯಸ್ಸಿನೊಳಗೆ, ಹುಡುಗರಲ್ಲಿ ಇಪ್ಪತ್ತರೊಳಗೆ ಕೂಡಿಕೊಂಡಿರುತ್ತದೆ. ಅಜ್ಜಿಯ ಸೊಂಟದ ಮೂಳೆಯ ಗಟ್ಟಿತನವು ಬಹುಮಟ್ಟಿಗೆ ಅವಳು ಹುಡುಗಿಯಾಗಿದ್ದಾಗಲೇ ನಿರ್ಧಾರವಾಗಿತ್ತು. ಮುಂದೆ ನಡೆಯುವುದೆಲ್ಲ ಆ ಗಳಿಕೆಯಿಂದ ಮಾಡುವ ವೆಚ್ಚ.

ಗಳಿಕೆಗೆ ಬೇಕಾದ ಸಾಮಗ್ರಿ ದುರ್ಲಭವಾದುದಲ್ಲ. ನಮ್ಮ ನಾಡಿನ ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ ಗೋದಿಗಳಲ್ಲಿ ಅದರ ಹತ್ತನೆಯ ಒಂದು ಪಾಲಿನ ಆಸುಪಾಸು ಮಾತ್ರ. ಹಾಲು, ಮೊಸರು, ಸೊಪ್ಪು ಜೊತೆಗಿರಲಿ. ಆ ಕ್ಯಾಲ್ಸಿಯಂ ರಕ್ತಕ್ಕೆ ಸೇರಲು ಬೇಕಾದ ಡಿ ಜೀವಸತ್ತ್ವವನ್ನು ಬಿಸಿಲು ನಮ್ಮ ಚರ್ಮದಲ್ಲಿ ತಯಾರಿಸುತ್ತದೆ. ಆದರೆ ಸಾಮಗ್ರಿ ರಾಶಿಬಿದ್ದ ಮಾತ್ರಕ್ಕೆ ಸಾರುವೆ ಏಳುವುದಿಲ್ಲ. ಅದನ್ನು ಎಲ್ಲಿ ಕಟ್ಟಬೇಕೆಂದು ಹೇಳುವುದು ಮೂಳೆಯ ಮೇಲೆ ಬೀಳುವ ಬಲ. ಓಟ, ಜಿಗಿತ, ಕುಂಟೆಬಿಲ್ಲೆ, ಕಬಡ್ಡಿ, ಮೆಟ್ಟಿಲು ಹತ್ತುವುದು, ಇವೆಲ್ಲ ಕಿರುತೊಲೆಗಳಿಗೆ ಕಳಿಸುವ ಆಜ್ಞೆಗಳು. ಪರೀಕ್ಷೆಯ ನೆಪದಿಂದ ಆಟದ ಬಯಲನ್ನು ತೊರೆದ ವಿದ್ಯಾರ್ಥಿ, ವಿಶೇಷವಾಗಿ ವಿದ್ಯಾರ್ಥಿನಿ, ಅರಿಯದೆಯೇ ತನ್ನ ಎಪ್ಪತ್ತನೆಯ ವಯಸ್ಸಿನ ಆಧಾರವನ್ನು ಸಡಿಲಿಸುತ್ತಿದ್ದಾಳೆ.

ಮನೆ ಕಟ್ಟಿ ಮುಗಿದ ಮೇಲೆ ಗಾರೆಯವರು ಸಾರುವೆಯನ್ನು ಬಿಚ್ಚಿ ಕೊಂಡೊಯ್ಯುತ್ತಾರೆ. ಮೂಳೆಯ ಸಾರುವೆ ಹಾಗಲ್ಲ. ಅದು ಕಟ್ಟಡದೊಡನೆಯೇ ಉಳಿದು ಕೊನೆಯವರೆಗೆ ಭಾರ ಹೊರಬೇಕಾದುದು. ಅದರ ಅಡ್ಡಗಳಗಳನ್ನು ಬಿಗಿಯುವ ಕಾಲ ಒಂದೇ ಸಲ ಬರುತ್ತದೆ. ಈ ಪುಟವನ್ನು ಓದುತ್ತಿರುವ ಹೆಚ್ಚಿನವರಿಗೆ ಆ ಕಾಲ ಈಗಲೇ ನಡೆದಿದೆ.